ಕಾಡ್ಗಿಚ್ಚಿನ ನಕ್ಷೆಯೂ ವರ್ತಕರ ಹಿತವೂ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲ ಎಂಬ ಗಾದೆಯನ್ನು ಅರಿಯದ ವರ್ತಕನಿಲ್ಲ. ಆದರೆ ಬಾವಿಯನ್ನು ಎಲ್ಲಿ ತೋಡಬೇಕೆಂದು ತೋರಿಸುವ ನಕ್ಷೆಯೊಂದನ್ನು ಸರ್ಕಾರ ಮುಂದಿಟ್ಟಾಗ, ಅದನ್ನು ವಿರೋಧಿಸುವವರ ಮೊದಲ ಸಾಲಿನಲ್ಲಿ ಆಸ್ತಿವಂತರೂ ವ್ಯಾಪಾರಸ್ಥರೂ ಇರುವುದುಂಟು. ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾ ಮತ್ತು ಆರೆಗಾನ್ ರಾಜ್ಯಗಳಲ್ಲಿ ಕಾಡ್ಗಿಚ್ಚಿನ ಅಪಾಯ ವಲಯ ನಕ್ಷೆಗಳ ಕುರಿತು ನಡೆದ ವಾದವಿವಾದವು ಇದಕ್ಕೆ ನಿದರ್ಶನ. ಈ ವಿರೋಧ ಸಹಜವಾದುದೇ ಆದರೂ ವ್ಯಾಪಾರದ ಹಿತದೃಷ್ಟಿಯಿಂದಲೇ ಅದು ತಪ್ಪು ಲೆಕ್ಕಾಚಾರವೆಂಬುದು ನನ್ನ ಅಭಿಪ್ರಾಯ.

1991ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಗುಡ್ಡಗಳಲ್ಲಿ ಹೊತ್ತಿದ ಬೆಂಕಿ 25 ಜನರನ್ನು ಬಲಿ ತೆಗೆದುಕೊಂಡು ಮೂರು ಸಾವಿರದಷ್ಟು ಮನೆಗಳನ್ನು ಸುಟ್ಟಿತು. ಮರುವರ್ಷವೇ ಅಲ್ಲಿನ ಶಾಸನಸಭೆಯು ನಗರ ಮತ್ತು ಕೌಂಟಿಗಳ ವ್ಯಾಪ್ತಿಯಲ್ಲಿ ಅತಿ ಹೆಚ್ಚು ಅಪಾಯವಿರುವ ಪ್ರದೇಶಗಳನ್ನು ಗುರುತಿಸಬೇಕೆಂದು ಕಾನೂನು ಮಾಡಿತು. ಈ ಹೊಣೆ ರಾಜ್ಯದ ಅರಣ್ಯ ಮತ್ತು ಅಗ್ನಿ ರಕ್ಷಣಾ ಇಲಾಖೆಯಾದ ಕ್ಯಾಲ್ ಫೈರ್‌ನದು. ಹಳೆಯ ನಕ್ಷೆಗಳು ಹದಿನೈದು ವರ್ಷಗಳಷ್ಟು ಹಿಂದಿನವಾಗಿದ್ದ ಕಾರಣ, 2025ರ ಫೆಬ್ರವರಿ 10ರಿಂದ ಮಾರ್ಚ್ 24ರವರೆಗೆ ನಾಲ್ಕು ಕಂತುಗಳಲ್ಲಿ ಹೊಸ ನಕ್ಷೆಗಳು ಪ್ರಕಟವಾದವು. ಹಿಂದೆ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ‘ಅತಿ ಹೆಚ್ಚು’ ಅಪಾಯದ ವಲಯವನ್ನು ಮಾತ್ರ ಗುರುತಿಸಲಾಗುತ್ತಿತ್ತು. ಈಗ ಅದರ ಜೊತೆಗೆ ‘ಹೆಚ್ಚು’ ಮತ್ತು ‘ಮಧ್ಯಮ’ ಎಂಬ ವಲಯಗಳೂ ಸೇರಿ ಕೆಂಪು, ಕಿತ್ತಳೆ, ಹಳದಿ ಬಣ್ಣಗಳಲ್ಲಿ ಮೂರು ದರ್ಜೆಗಳಾಗಿವೆ.

ಇಲ್ಲಿ ಗಮನಿಸಬೇಕಾದುದು ಸ್ಥಳೀಯ ಸಂಸ್ಥೆಯ ಪಾತ್ರ. ನಕ್ಷೆ ಕೈಸೇರಿದ 30 ದಿನಗಳೊಳಗೆ ಅದನ್ನು ಸಾರ್ವಜನಿಕರ ಪರಿಶೀಲನೆಗೂ ಅಭಿಪ್ರಾಯಕ್ಕೂ ಮುಂದಿಡಬೇಕು. 120 ದಿನಗಳೊಳಗೆ ಸ್ಥಳೀಯ ಕಾನೂನಿನ ಮೂಲಕ ಅಂಗೀಕರಿಸಬೇಕು. ನಗರಸಭೆಯು ತನ್ನ ವಿವೇಚನೆಯಿಂದ ಯಾವುದೇ ಬಡಾವಣೆಯ ದರ್ಜೆಯನ್ನು ಏರಿಸಬಹುದೇ ಹೊರತು ಇಳಿಸುವಂತಿಲ್ಲ. ಅಂಗೀಕಾರದಿಂದ ಉಂಟಾಗುವ ಪರಿಣಾಮಗಳೂ ಸ್ಪಷ್ಟ. ಮೇಲಿನ ಎರಡು ದರ್ಜೆಗಳಲ್ಲಿ ಹೊಸದಾಗಿ ಕಟ್ಟುವವರು ಬೇಗ ಬೆಂಕಿ ಹತ್ತದ ಚಾವಣಿ, ಕಿಡಿ ಒಳನುಗ್ಗದಂತಹ ಗಾಳಿಕಿಂಡಿ ಮೊದಲಾದ ನಿಯಮಗಳನ್ನು ಪಾಲಿಸಬೇಕು. ‘ಅತಿ ಹೆಚ್ಚು’ ದರ್ಜೆಯಲ್ಲಿ ಕಟ್ಟಡದ ಸುತ್ತ 100 ಅಡಿಗಳವರೆಗೆ, ತಮ್ಮ ಜಾಗದ ಎಲ್ಲೆಯೊಳಗೆ, ಒಣಹುಲ್ಲು ಪೊದೆಗಳನ್ನು ತೆರವು ಮಾಡಬೇಕು. ಆಸ್ತಿ ಮಾರುವಾಗ ವಲಯದ ವಿಚಾರವನ್ನು ಕೊಳ್ಳುವವರಿಗೆ ತಿಳಿಸಬೇಕು.

ಆಕ್ಷೇಪಣೆಗಳು ನಮಗೆ ಅಪರಿಚಿತವಲ್ಲ. ಆಸ್ತಿಯ ಬೆಲೆ ಕುಸಿಯುತ್ತದೆ. ಕಟ್ಟಡದ ವೆಚ್ಚ ಏರುತ್ತದೆ. ವಿಮಾ ಕಂತು ಹೆಚ್ಚುತ್ತದೆ ಅಥವಾ ವಿಮೆಯೇ ದೊರೆಯದಂತಾಗುತ್ತದೆ ಎಂಬುವೇ ಅವು. ಮೊದಲೆರಡರಲ್ಲಿ ಸತ್ಯಾಂಶವಿದೆ. ಸಣ್ಣ ಅಂಗಡಿಯವನಿಗೆ ಹೊಸ ಚಾವಣಿಯ ಖರ್ಚು ದೊಡ್ಡ ಉದ್ಯಮಿಗೆ ಆಗುವುದಕ್ಕಿಂತ ಭಾರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮೂರನೆಯದನ್ನು ಸ್ವಲ್ಪ ಆಳವಾಗಿ ನೋಡಬೇಕು.

ಸ್ಟೇಟ್ ಫಾರ್ಮ್ ವಿಮಾ ಸಂಸ್ಥೆಯು ಕ್ಯಾಲಿಫೋರ್ನಿಯಾದಲ್ಲಿ ಸುಮಾರು 72,000 ಪಾಲಿಸಿಗಳನ್ನು ನವೀಕರಿಸುವುದಿಲ್ಲವೆಂದು ಪ್ರಕಟಿಸಿದ್ದು 2024ರ ಮಾರ್ಚ್‌ನಲ್ಲಿ. ಅಂದರೆ ನಗರಗಳ ಹೊಸ ನಕ್ಷೆಗಳು ಹೊರಬರುವುದಕ್ಕೆ ಸುಮಾರು ಒಂದು ವರ್ಷ ಮೊದಲು. ವಿಮಾ ಸಂಸ್ಥೆಗಳು ಸರ್ಕಾರದ ನಕ್ಷೆಗಾಗಿ ಕಾಯುವುದಿಲ್ಲ. ಅವು ಒಂದೊಂದು ಕಟ್ಟಡಕ್ಕೂ ಅಂಕ ನೀಡುವ ತಮ್ಮದೇ ಗಣಕ ಮಾದರಿಗಳನ್ನು ಇಟ್ಟುಕೊಂಡಿವೆ. ಅರ್ಥಾತ್, ನಕ್ಷೆ ಈಗಾಗಲೇ ಇದೆ; ಅದು ವಿಮಾ ಸಂಸ್ಥೆಯ ಬೀರುವಿನಲ್ಲಿದೆ. ಪ್ರಶ್ನೆ ಇರುವುದು ನಕ್ಷೆ ಬೇಕೋ ಬೇಡವೋ ಎಂಬುದಲ್ಲ. ಅದು ಒಂದು ಪಕ್ಷದ ಕೈಯಲ್ಲಿ ಮಾತ್ರ ಇರಬೇಕೋ, ಇಬ್ಬರ ಮುಂದೆಯೂ ಇರಬೇಕೋ ಎಂಬುದು. ತೂಕದ ಕಲ್ಲನ್ನು ಮುಚ್ಚಿಟ್ಟು ತೂಗುವವನೊಡನೆ ನಾವು ವ್ಯವಹಾರ ಮಾಡುತ್ತೇವೆಯೇ? ಈ ಸೂಕ್ಷ್ಮವನ್ನರಿತ ಕ್ಯಾಲಿಫೋರ್ನಿಯಾದ ವಿಮಾ ಇಲಾಖೆಯು 2022ರಲ್ಲಿ ಹೊರಡಿಸಿದ ನಿಯಮಗಳಲ್ಲಿ, ಗ್ರಾಹಕನಿಗೆ ಅವನ ಅಪಾಯದ ಅಂಕವನ್ನು ತಿಳಿಸಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು, ಸುರಕ್ಷತಾ ಕ್ರಮ ಕೈಗೊಂಡವರಿಗೆ ರಿಯಾಯಿತಿ ನೀಡಬೇಕು ಎಂದು ವಿಧಿಸಿತು.

ನೆರೆಯ ಆರೆಗಾನ್ ಬೇರೆ ದಾರಿ ಹಿಡಿಯಿತು. 2020ರ ಸೆಪ್ಟೆಂಬರ್‌ನಲ್ಲಿ ಆಲ್ಮೀಡಾ ಬೆಂಕಿಯು ಟ್ಯಾಲೆಂಟ್ ಮತ್ತು ಫೀನಿಕ್ಸ್ ಎಂಬ ಸಣ್ಣ ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳನ್ನೂ ಅನೇಕ ವ್ಯಾಪಾರ ಮಳಿಗೆಗಳನ್ನೂ ಸುಟ್ಟಿತ್ತು. 2021ರಲ್ಲಿ ನಕ್ಷೆಗಾಗಿ ಕಾನೂನು ಬಂತು. 2022ರ ಜೂನ್ ಕೊನೆಯಲ್ಲಿ ನಕ್ಷೆ ಪ್ರಕಟವಾಯಿತು. ಜನರ ಆಕ್ರೋಶಕ್ಕೆ ಅಂಜಿ ಆಗಸ್ಟ್‌ನಲ್ಲಿಯೇ ಹಿಂತೆಗೆದುಕೊಳ್ಳಲಾಯಿತು. 2025ರ ಜನವರಿಯಲ್ಲಿ ಪರಿಷ್ಕೃತ ನಕ್ಷೆ ಬಂದರೂ ಅದೇ ವರ್ಷ ಶಾಸನಸಭೆಯು ಅದನ್ನು ರದ್ದುಗೊಳಿಸಿತು. ಮೊದಲ ಬಾರಿ ಜನರ ಅಭಿಪ್ರಾಯ ಕೇಳುವ ಮುನ್ನವೇ ಆಸ್ತಿದಾರರ ಮನೆಗಳಿಗೆ ನೋಟೀಸು ಹೋದದ್ದು ಆಡಳಿತದ ತಪ್ಪು. ಆದರೆ ನಕ್ಷೆಯನ್ನು ಅಳಿಸಿದ ಮಾತ್ರಕ್ಕೆ ಒಣಹುಲ್ಲು ಹಸಿರಾಗಲಿಲ್ಲ, ವಿಮಾ ಸಂಸ್ಥೆಗಳ ಮಾದರಿಗಳೂ ಅಳಿಯಲಿಲ್ಲ. ಅಳಿದುದು ನಾಗರಿಕನ ಕೈಯಲ್ಲಿದ್ದ ಪ್ರತಿ ಮಾತ್ರ.

ನಕ್ಷೆಯೇ ಸರ್ವಸ್ವವೆಂದು ನಾನು ಹೇಳುತ್ತಿಲ್ಲ. 2017ರಲ್ಲಿ ಸಾಂಟಾ ರೋಸಾ ನಗರದ ಕಾಫಿ ಪಾರ್ಕ್ ಬಡಾವಣೆಯಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು ಬೆಂಕಿಗೆ ಆಹುತಿಯಾದವು. ಅಂದಿನ ನಕ್ಷೆಯಲ್ಲಿ ಅದು ಅಪಾಯ ವಲಯದ ಹೊರಗಿತ್ತು. 2025ರ ಜನವರಿಯ ಈಟನ್ ಬೆಂಕಿಯಲ್ಲಿ 9,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಆಲ್ಟಡೀನಾ ಪಟ್ಟಣದಲ್ಲಿ ಸುಟ್ಟ ಮನೆ, ಅಂಗಡಿಗಳಲ್ಲಿ ಬಹಳಷ್ಟು ಹಳೆಯ ನಕ್ಷೆಯ ವಲಯದಾಚೆಯವು. ಗಾಳಿಯಲ್ಲಿ ಹಾರುವ ಕಿಡಿಗಳು ಗೆರೆಯನ್ನು ನೋಡಿ ನಿಲ್ಲುವುದಿಲ್ಲ. ಆದುದರಿಂದಲೇ ನಕ್ಷೆಯನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು.

ನಿಯಮ ಪಾಲನೆಯ ಖರ್ಚು ವ್ಯರ್ಥವಲ್ಲವೆಂಬುದಕ್ಕೂ ಸಾಕ್ಷ್ಯವಿದೆ. 2018ರ ನವೆಂಬರ್‌ನಲ್ಲಿ ಪ್ಯಾರಡೈಸ್ ಪಟ್ಟಣವನ್ನು ನಿರ್ನಾಮ ಮಾಡಿ 85 ಜನರ ಪ್ರಾಣ ತೆಗೆದ ಬೆಂಕಿಯ ನಂತರ ಅಲ್ಲಿನ ಪತ್ರಿಕಾ ಸಮೂಹವೊಂದು ಲೆಕ್ಕ ಹಾಕಿತು. 2008ರ ಕಟ್ಟಡ ನಿಯಮಗಳ ನಂತರ ಕಟ್ಟಿದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಹಾನಿಯಿಲ್ಲದೆ ಉಳಿದಿದ್ದವು. ಅದಕ್ಕೆ ಹಿಂದಿನವುಗಳಲ್ಲಿ ಐದರಲ್ಲಿ ಒಂದರಷ್ಟೂ ಉಳಿದಿರಲಿಲ್ಲ. ಬಂಡವಾಳ ಹೂಡುವವನಿಗೆ ಈ ವ್ಯತ್ಯಾಸದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇದು ದೂರದ ದೇಶದ ಕಥೆಯೆಂದು ನಾವು ಪುಟ ಮಗುಚುವಂತಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಹತ್ತು ಸಾವಿರಕ್ಕೂ ಹೆಚ್ಚು ಎಕರೆ ಕಾಡು ಸುಟ್ಟಿತೆಂದು ಉಪಗ್ರಹ ಚಿತ್ರಗಳ ಆಧಾರದ ಅಂದಾಜು ತಿಳಿಸಿತು. ದೇಶದ ಅರಣ್ಯ ಹೊದಿಕೆಯ ಶೇ. 21.40 ಭಾಗವು ಹೆಚ್ಚಿನಿಂದ ಅತ್ಯಧಿಕ ಬೆಂಕಿ ಅಪಾಯದ ದರ್ಜೆಗಳಲ್ಲಿದೆಯೆಂದು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ 2019ರ ವರದಿ ಹೇಳಿತ್ತು. ಆ ಸಂಸ್ಥೆ ಉಪಗ್ರಹದ ಮೂಲಕ ಪತ್ತೆಯಾದ ಬೆಂಕಿಯ ಎಚ್ಚರಿಕೆಯನ್ನು ನೋಂದಾಯಿತರ ಮೊಬೈಲಿಗೂ ಕಳುಹಿಸುತ್ತದೆ. ಮಾಹಿತಿಗೆ ಕೊರತೆಯಿಲ್ಲ, ಅದನ್ನು ಗ್ರಾಮ ಪಂಚಾಯಿತಿ ಅಥವಾ ಪುರಸಭೆಯು ಇಂತಿಷ್ಟು ದಿನಗಳೊಳಗೆ ಅಂಗೀಕರಿಸಿ ಕಟ್ಟಡ ಪರವಾನಗಿಗೆ ಜೋಡಿಸಬೇಕೆಂಬ ಕ್ಯಾಲಿಫೋರ್ನಿಯಾದಂತಹ ಕಟ್ಟಳೆ ನಮ್ಮಲ್ಲಿಲ್ಲ. ಕಾಡಿನಂಚಿನಲ್ಲಿ ಮರದ ಮಿಲ್ಲು, ಕಾಫಿ ಸಂಸ್ಕರಣಾ ಘಟಕ, ಗೋದಾಮು, ಹೋಂಸ್ಟೇ ನಡೆಸುವ ನಮ್ಮ ಬಾಂಧವರು ಇದನ್ನು ಯೋಚಿಸಬೇಕು.

ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ಮುಂದಿಡಬಯಸುತ್ತೇನೆ.

ಒಂದು: ಪ್ರತಿಯೊಬ್ಬರೂ ತಮ್ಮ ಅಗ್ನಿವಿಮಾ ಪಾಲಿಸಿಯನ್ನು ಒಮ್ಮೆ ತೆರೆದು ಓದಬೇಕು. ಹಳೆಯ ಮಾದರಿಯ ಪಾಲಿಸಿಯಲ್ಲಿ ಪೊದೆಬೆಂಕಿಗೆ ರಕ್ಷಣೆಯಿದ್ದರೂ ಕಾಡ್ಗಿಚ್ಚನ್ನು ಹೊರಗಿಡಲಾಗಿತ್ತು. ಅದಕ್ಕೆ ಪ್ರತ್ಯೇಕ ಕಂತು ಕಟ್ಟಬೇಕಿತ್ತು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ, ಐದು ಕೋಟಿ ರೂಪಾಯಿವರೆಗಿನ ಸ್ವತ್ತುಗಳ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಕಾಡ್ಗಿಚ್ಚೂ ಸೇರಿದೆ. ತಮ್ಮ ಬಳಿ ಇರುವುದು ಯಾವುದೆಂದು ತಿಳಿದಿರುವುದು ಲೇಸು.

ಎರಡು: ಕಾಡಿನಂಚಿನ ತಾಲ್ಲೂಕುಗಳ ಅಪಾಯ ವಲಯ ನಕ್ಷೆಯನ್ನು ಸ್ಥಳೀಯ ಸಂಸ್ಥೆಗಳ ಮೂಲಕ ಪ್ರಕಟಿಸಬೇಕೆಂದು ನಮ್ಮ ಸಂಸ್ಥೆಯೇ ಸರ್ಕಾರಕ್ಕೆ ಮನವಿ ಸಲ್ಲಿಸಬೇಕು. ಆಕ್ಷೇಪಣೆಗೆ ಕಾಲಾವಕಾಶ, ಪರಿಷ್ಕರಣೆಗೆ ನಿಗದಿತ ಅವಧಿ, ಹಳೆಯ ಕಟ್ಟಡಗಳಿಗೆ ಸಹಾಯಧನ ಇವೆಲ್ಲವೂ ಆ ಮನವಿಯಲ್ಲಿರಬೇಕು.

ಮೂರು: ಸುರಕ್ಷತೆಗೆ ಖರ್ಚು ಮಾಡಿದವನಿಗೆ ವಿಮಾ ಕಂತಿನಲ್ಲಿ ರಿಯಾಯಿತಿ ದೊರೆಯಬೇಕು. ಇದಿಲ್ಲದಿದ್ದರೆ ನಕ್ಷೆಯು ದಂಡವಾಗಿ ಕಾಣುವುದೇ ಹೊರತು ರಕ್ಷಣೆಯಾಗಿ ಅಲ್ಲ.

ನಕ್ಷೆ ಬೆಂಕಿಯನ್ನು ತರುವುದಿಲ್ಲ. ಬರಬಹುದಾದ ಬೆಂಕಿಯ ದಾರಿಯನ್ನು ತೋರಿಸುತ್ತದೆ. ಅದನ್ನು ಬರೆಯುವಾಗ ನಮ್ಮ ಮಾತೂ ಕೇಳಿಬರಬೇಕಾದರೆ, ವಿರೋಧಿಸಲು ಎದ್ದು ನಿಲ್ಲುವ ಮೊದಲೇ ಬೇಕೆಂದು ಕೇಳಲು ನಾವು ಮುಂದಾಗಬೇಕು.