ಸೆರಗಿನ ಹಿಂದಿನ ರಟ್ಟು

ನಮ್ಮ ವಡಗಾವಿಯ ಗಲ್ಲಿಗಳಲ್ಲಿ ಮಗ್ಗದ ಸದ್ದು ಹೊಸದಲ್ಲ. ಸೀರೆ ಕೊಳ್ಳುವವಳು ಸೆರಗಿನ ಹೂವನ್ನಷ್ಟೇ ನೋಡುತ್ತಾಳೆ. ಜಕಾರ್ಡ್ ಕೂಡಿಸಿದ ಮಗ್ಗದಲ್ಲಿ ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂದು ಹೇಳುವುದು ಮೇಲೆ ತೂಗುವ ತೂತಿನ ರಟ್ಟುಗಳು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರೂಪಿಸಿದ ಈ ಉಪಾಯವೇ ಮುಂದೆ ಗಣಕಯಂತ್ರದ ಕಾರ್ಡುಗಳಿಗೂ ದಾರಿ ತೋರಿತು. ಹೂವು ಕೆಟ್ಟರೆ ನೇಕಾರ ಸೆರಗನ್ನು ಬೈಯುವುದಿಲ್ಲ, ರಟ್ಟನ್ನು ನೋಡುತ್ತಾನೆ.

ಇಂದಿನ ಕಂಪ್ಯೂಟರ್ ಪಾಠದಲ್ಲಿ ಈ ರಟ್ಟನ್ನೇ ತೋರಿಸುತ್ತಿಲ್ಲ ಎಂಬುದು ನನ್ನ ತಕರಾರು. ಕನ್ನಡ ಕಲಿಸುವವಳಿಗೆ ಈ ಉಸಾಬರಿ ಏಕೆ ಎನ್ನಬೇಡಿ. ಪಕ್ಕದ ಮನೆಯ ನೇಕಾರರ ಮಗಳು ಒಂದು ಸಂಜೆ ಅಳುಮುಖದಿಂದ ಬಂದಳು. ಪೈಥಾನ್ ಭಾಷೆಯಲ್ಲಿ ಅಂಕಗಳ ಒಂದು ಪಟ್ಟಿ ಮಾಡಿ, 'ಹೊಸದು = ಹಳೆಯದು' ಎಂದು ಬರೆದು, ಹೊಸದರಲ್ಲಿ ಒಂದು ಅಂಕ ತಿದ್ದಿದ್ದಳು.

"ಅಕ್ಕೋರ, ನಾ ಒಂದರಾಗ ತಿದ್ದಿದ್ರ ಎರಡೂ ಬದಲಾದ್ವುರಿ!"

ತರಗತಿಯಲ್ಲಿ ಕೇಳಿದ್ದಕ್ಕೆ, "ಕಾಪಿ ಅಂತ ಬರಿ, ಕಾರಣ ಬೇಡ" ಎಂಬ ಉತ್ತರ ಸಿಕ್ಕಿತ್ತಂತೆ. ನನ್ನ ಮಗನ ಹಳೆಯ ಪುಸ್ತಕ ತೆಗೆದು ಇಬ್ಬರೂ ಕೂತೆವು. ಕಾರಣ ಸಿಕ್ಕಿತು. ಮೆಮರಿಯಲ್ಲಿ ಎರಡನೆಯ ಪಟ್ಟಿ ಹುಟ್ಟಿಯೇ ಇರಲಿಲ್ಲ. ಅದೇ ಪಟ್ಟಿಗೆ ಎರಡನೆಯ ಹೆಸರು ಬಿದ್ದಿತ್ತು. ನಮಗೆ ಇದೇನು ಹೊಸದೆ? ತವರಿನಲ್ಲಿ ಮಗಳು, ಅತ್ತೆಮನೆಯಲ್ಲಿ ಸೊಸೆ. ಹೆಸರು ಎರಡಾದರೂ ದಣಿಯುವ ಮೈ ಒಂದೇ.

ಮರೆಮಾಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. 1972ರ ಹೊತ್ತಿಗೆ ಬಂದ ಸಿ ಭಾಷೆಯಲ್ಲಿ ಬೇಕಾದಾಗ ಮೆಮರಿಯಲ್ಲಿ ಜಾಗ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ನೆನಪಿಟ್ಟು ಹಿಂದಿರುಗಿಸಬೇಕು. ಮರೆತರೆ ಜಾಗ ದಂಡ. ಎಲ್ಲೆ ಮೀರಿ ಬರೆದರೆ ಪಕ್ಕದ ಮಾಹಿತಿಯೇ ಹಾಳು. 1991ರಲ್ಲಿ ಹೊರಬಂದ ಪೈಥಾನ್ ಈ ಹೊರೆಯನ್ನು ತಾನೇ ಹೊತ್ತುಕೊಂಡಿತು. ಯಾವ ಹೆಸರಿಗೂ ಬೇಡವಾದ ಜಾಗವನ್ನು ತಾನೇ ತೆರವು ಮಾಡುತ್ತದೆ. ಆ ಉಪಕಾರ ಸಣ್ಣದಲ್ಲ.

ಆದರೆ ಕಾಣದ ಕೆಲಸವನ್ನು ಇಲ್ಲದ ಕೆಲಸವೆಂದು ಕಲಿಸುವುದು ಅನ್ಯಾಯ. ಒಲೆಯ ಮುಂದೆ ಬೆಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಗಿಯರಿಗೆ ಸೆರಗಷ್ಟೇ ಸಾಕು, ರಟ್ಟು ಬೇರೆಯವರು ಕೊರೆಯಲಿ ಎಂದರೆ, ಯಂತ್ರ ತಪ್ಪಿದಾಗಲೆಲ್ಲ ಅವರು ಇನ್ನೊಬ್ಬರ ಬಾಗಿಲು ಕಾಯಬೇಕಾಗುತ್ತದೆ.

ದುಬಾರಿ ಯಂತ್ರವೇನೂ ಬೇಡ. ಒಂದು ತಾಸು, ಒಂದು ಸೀಮೆಸುಣ್ಣ, ಹಲಗೆಯ ಮೇಲೆ ನಾಲ್ಕು ಚೌಕ ಸಾಕು. ನಿಮ್ಮ ಮಗಳು ಕಲಿಯುವಲ್ಲಿ ಹೋಗಿ ಕೇಳಿ: ಆ ಚೌಕಗಳನ್ನು ಒಂದು ಸಲವಾದರೂ ಬರೆದು ತೋರಿಸಿದ್ದೀರಾ?