ನ್ಯೂಟ್ರಲ್‌ನಲ್ಲಿದ್ದರೂ ಗೇರ್‌ಬಾಕ್ಸ್ ಕೆಟ್ಟಿದ್ದೇಕೆ?

ನಮ್ಮ ಬೀದಿಯವರೊಬ್ಬರ ಆಟೊಮ್ಯಾಟಿಕ್ ಕಾರು ಹರಿಹರದಲ್ಲಿ ಕೆಟ್ಟು ನಿಂತಿತು. ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹಗ್ಗ ಕಟ್ಟಿ, ದಾವಣಗೆರೆಯವರೆಗೆ ಸುಮಾರು 14 ಕಿಲೋಮೀಟರ್ ಎಳೆಸಿಕೊಂಡು ಬಂದರು. ಎಂಜಿನ್ನಿನ ದೋಷ ಸಣ್ಣದು, ಸರಿಹೋಯಿತು. ಆದರೆ ಗೇರ್‌ಬಾಕ್ಸ್ ಹಾಳಾಗಿತ್ತು! ಅವರ ಮಗ ನನ್ನ ವಿದ್ಯಾರ್ಥಿ. 'ನ್ಯೂಟ್ರಲ್‌ನಲ್ಲೇ ಇತ್ತಲ್ಲ ಸಾರ್, ಮತ್ತೆ ಹೇಗೆ?' ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದವು. ಅದರ ಲೇತುಗಳು ಮಾತ್ರ ಇಂದಿಗೂ ವರ್ಕ್‌ಶಾಪುಗಳಲ್ಲಿ ಕಾಣಸಿಗುತ್ತವೆ. ಅಂಥ ಲೇತಿನ ಕರೆಂಟು ತೆಗೆಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ಕನ್ನು ಕೈಯಿಂದ ತಿರುಗಿಸಿ ನೋಡಿ. ಮೋಟಾರು ಅಲುಗುವುದಿಲ್ಲ, ಚಕ್ ಹಗುರಾಗಿ ತಿರುಗುತ್ತದೆ. ಅಂದರೆ ನ್ಯೂಟ್ರಲ್‌ನಲ್ಲಿ ಸಂಬಂಧ ಕಡಿಯುತ್ತದೆ ಅಷ್ಟೆ. ಆಚೆ ಬದಿಯನ್ನು ಯಾರಾದರೂ ತಿರುಗಿಸಿದರೆ ಅದು ತಿರುಗುತ್ತಲೇ ಇರುತ್ತದೆ. ಕಾರನ್ನು ಎಳೆದಾಗ ಆ ಕೆಲಸ ಮಾಡುವುದು ಚಕ್ರಗಳು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ಚುಗಳನ್ನು ಹಿಡಿಯುವುದೂ ಬಿಡುವುದೂ ಎಣ್ಣೆಯ ಒತ್ತಡ. ಯಾವ ಕ್ಲಚ್ಚಿಗೆ ಎಣ್ಣೆ ಹೋಗಬೇಕೆಂದು ನಿರ್ಧರಿಸುವುದು ವಾಲ್ವ್ ಬಾಡಿ. ನಮ್ಮ ಭದ್ರಾ ನಾಲೆಯ ತೂಬುಗಳನ್ನು ನೆನೆಸಿಕೊಳ್ಳಿ: ಒಂದನ್ನು ಎತ್ತಿದರೆ ಈ ಗದ್ದೆಗೆ ನೀರು, ಇನ್ನೊಂದನ್ನು ಎತ್ತಿದರೆ ಆ ಗದ್ದೆಗೆ. ಆದರೆ ನಾಲೆಗೇ ನೀರು ಬಿಡದಿದ್ದರೆ ತೂಬು ಎತ್ತಿ ಏನು ಪ್ರಯೋಜನ? ಇಲ್ಲಿ ಎಣ್ಣೆ ಹರಿಸುವ ಪಂಪು ಸಾಮಾನ್ಯವಾಗಿ ಎಂಜಿನ್ನಿನಿಂದಲೇ ತಿರುಗುವಂಥದು. ಎಂಜಿನ್ ನಿಂತರೆ ಪಂಪೂ ನಿಂತಿತು. ಚಕ್ರಗಳು ಮಾತ್ರ ಒಳಗಿನ ಭಾಗಗಳನ್ನು ಎಣ್ಣೆಯಿಲ್ಲದೆ ತಿರುಗಿಸುತ್ತಾ ಬಂದವು. ಉಜ್ಜಿ, ಕಾದು, ಸವೆದವು.

ಅಮೆರಿಕದ ಡ್ರ್ಯಾಗ್ ರೇಸಿನವರಿಗೆ ಈ ತಲೆನೋವು ಇನ್ನೊಂದು ರೂಪದಲ್ಲಿದೆ. ಕಾಲು ಮೈಲಿ, ಎಂದರೆ 402 ಮೀಟರ್ ನೇರ ಓಟ. ಕೊನೆಯಲ್ಲಿ ಎಂಜಿನ್ ಕೈಕೊಟ್ಟರೆ ಆ ವೇಗದಲ್ಲೇ ನ್ಯೂಟ್ರಲ್‌ಗೆ ಹಾಕಬೇಕಾಗುತ್ತದೆ. ಆಗ ಯಾವುದಾದರೊಂದು ಕ್ಲಚ್ ಹಿಡಿದೇ ಇದ್ದರೆ, ಚಕ್ರಗಳ ತಳ್ಳಾಟಕ್ಕೆ ಒಳಗಿನ ಕೆಲವು ಭಾಗಗಳು ತಾಳಲಾರದಷ್ಟು ವೇಗ ಪಡೆಯಬಹುದು. ಅದಕ್ಕೇ ಎಲ್ಲ ಕ್ಲಚ್ಚುಗಳನ್ನೂ ಪೂರ್ತಿ ಬಿಡಿಸುವ 'ಕ್ಲೀನ್ ನ್ಯೂಟ್ರಲ್' ವಾಲ್ವ್ ಬಾಡಿಗಳನ್ನು ಅವರು ಆರಿಸಿಕೊಳ್ಳುತ್ತಾರೆ. ನ್ಯೂಟ್ರಲ್‌ನಲ್ಲೂ ಬಗೆಗಳಿವೆ, ನೋಡಿ!

ಪಾಲಕರೇ, ನಿಮ್ಮ ಆಟೊಮ್ಯಾಟಿಕ್ ಕಾರು ಕೆಟ್ಟರೆ ಅದನ್ನು ಲಾರಿಯ ಮೇಲೆ ಏರಿಸಿ ತರಿಸಿ, ಇಲ್ಲವೇ ಎಂಜಿನ್ ತಿರುಗಿಸುವ ಚಕ್ರಗಳನ್ನು ನೆಲದಿಂದ ಎತ್ತಿಸಿ. ಎಳೆಯಬಹುದೇ, ಎಷ್ಟು ದೂರ, ಯಾವ ವೇಗದಲ್ಲಿ ಎಂಬುದನ್ನು ಕಾರಿನ ಜೊತೆ ಬರುವ ಕೈಪಿಡಿಯಲ್ಲೇ ಬರೆದಿರುತ್ತಾರೆ. ನಮ್ಮ ಹುಡುಗ ಮನೆಗೆ ಹೋಗಿ ಹುಡುಕಿದನಂತೆ. ಕಾರಿನ ಖಾನೆಯಲ್ಲಿ ಕೈಪಿಡಿ ಇತ್ತು, ಪ್ಲಾಸ್ಟಿಕ್ ಹೊದಿಕೆಯನ್ನೂ ಯಾರೂ ಬಿಚ್ಚಿರಲಿಲ್ಲ.