ತೇಲುವುದಲ್ಲ, ಬೀಳುವುದು

2025ರ ಜೂನ್ ಕೊನೆಯಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದರು. ಅವರು ಒಳಗೆ ತೇಲಾಡುವ ದೃಶ್ಯವನ್ನು ದೇಶವೇ ಕಣ್ಣರಳಿಸಿ ನೋಡಿತು. 'ಅವರು ಬೀಳೋದಿಲ್ವಾ?' ಎಂದು ಮಗು ಕೇಳಿದರೆ ದೊಡ್ಡವರ ಬಾಯಲ್ಲಿ ಉತ್ತರ ಸಿದ್ಧ: 'ಅಲ್ಲಿ ಗುರುತ್ವಾಕರ್ಷಣೆ ಇಲ್ಲಪ್ಪಾ.' ಟಿ.ವಿ.ಯಲ್ಲೂ ತರಗತಿಯಲ್ಲೂ ಸಲೀಸಾಗಿ ಓಡಾಡುವ ಈ ಮಾತನ್ನು ಇನ್ನಾದರೂ ಕೈಬಿಡಬೇಕು. ಅದು ತಪ್ಪು.

ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ. ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಇರುವಷ್ಟು ದೂರ. ಅಷ್ಟಕ್ಕೇ ಭೂಮಿ ತನ್ನ ಹಿಡಿತ ಬಿಟ್ಟೀತೆ? ಅಲ್ಲಿಯೂ ಗುರುತ್ವ ನೆಲದ ಮೇಲಿನದರ ಶೇ 90ರ ಹತ್ತಿರವಿದೆ. ಅಷ್ಟೆತ್ತರದ ಗೋಪುರ ಕಟ್ಟಿ, ತುದಿಯಲ್ಲಿ ತೂಕದ ಯಂತ್ರವಿಟ್ಟು ನಿಂತರೆ 70 ಕೆ.ಜಿ.ಯ ಮನುಷ್ಯ 62 ಕೆ.ಜಿ. ತೂಗುತ್ತಾನೆ, ತೇಲುವುದಿಲ್ಲ.

ನಿಲ್ದಾಣ, ಅದರೊಳಗಿನ ಜನ, ಅವರ ಕೈಯಿಂದ ಜಾರಿದ ಪೆನ್ನು, ನೀರಿನ ಹನಿ ಎಲ್ಲವೂ ಒಟ್ಟಿಗೆ ಬೀಳುತ್ತಿವೆ. ಅದಕ್ಕೇ ಒಂದಕ್ಕೊಂದು ತೇಲಿದಂತೆ ಕಾಣುತ್ತವೆ. ನಿಲ್ದಾಣ ಒಂದು ಸೆಕೆಂಡಿನಲ್ಲಿ ಸುಮಾರು 7.7 ಕಿ.ಮೀ. ಅಡ್ಡಕ್ಕೆ ಧಾವಿಸುತ್ತದೆ, ಅದೇ ಸೆಕೆಂಡಿನಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಕೆಳಕ್ಕೆ ಬೀಳುತ್ತದೆ. ಆದರೆ ಭೂಮಿ ದುಂಡಗಿದೆಯಲ್ಲ, ಅಷ್ಟು ದೂರ ಸಾಗುವಷ್ಟರಲ್ಲಿ ಅದರ ಮೈಯೂ ಅಷ್ಟೇ ಬಾಗಿರುತ್ತದೆ. ಎಷ್ಟು ಬಿದ್ದರೂ ನೆಲ ಸಿಗುವುದಿಲ್ಲ. ಸುಮಾರು 90 ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಕಕ್ಷೆ ಎಂದರೆ ಇಷ್ಟೇ: ಮುಗಿಯದ ಬೀಳು. ಎತ್ತರದ ಬೆಟ್ಟದ ತುದಿಯಿಂದ ಸಾಕಷ್ಟು ವೇಗವಾಗಿ ಎಸೆದ ವಸ್ತು ಭೂಮಿಯನ್ನೇ ಸುತ್ತಿ ಬರುತ್ತದೆ ಎಂದು ನ್ಯೂಟನ್ 300 ವರ್ಷಗಳ ಹಿಂದೆಯೇ ಚಿತ್ರ ಬರೆದು ತೋರಿಸಿದ್ದ.

ಈ ಒಂದು ತಪ್ಪಿನಿಂದ ನಮ್ಮದೇ ಸಾಧನೆಯೂ ಅರ್ಥವಾಗದೆ ಹೋಗುತ್ತದೆ. 1969ರಲ್ಲಿ ಅಪೊಲೊ 11 ನಾಲ್ಕೇ ದಿನದಲ್ಲಿ ಚಂದ್ರನ ಮೇಲೆ ಇಳಿದಿತ್ತು, ಚಂದ್ರಯಾನ-3ಕ್ಕೆ 40 ದಿನ ಯಾಕೆ ಎಂದು ಕೇಳುವವರಿದ್ದಾರೆ. ಅಪೊಲೊವನ್ನು ಹೊತ್ತ ಸ್ಯಾಟರ್ನ್ ರಾಕೆಟ್ಟಿನ ತೂಕ ಮೂರು ಸಾವಿರ ಟನ್ನಿಗೆ ಹತ್ತಿರ. ನಮ್ಮ ಎಲ್‌ವಿಎಂ-3ರದ್ದು ಸುಮಾರು 640 ಟನ್. 2023ರ ಜುಲೈ 14ರಂದು ಅದು ನೌಕೆಯನ್ನು ಭೂಮಿಗೆ ತೀರ ಹತ್ತಿರದಲ್ಲಿ 170 ಕಿ.ಮೀ., ತೀರ ದೂರದಲ್ಲಿ 36,500 ಕಿ.ಮೀ. ಇರುವ ಮೊಟ್ಟೆಯಾಕಾರದ ಕಕ್ಷೆಗೆ ಸೇರಿಸಿತು. ಮುಂದಿನದ್ದು ಬೆಂಗಳೂರಿನ ಇಸ್ಟ್ರ್ಯಾಕ್ ಎಂಬ ಇಸ್ರೊ ನಿಯಂತ್ರಣ ಕೇಂದ್ರದಲ್ಲಿ ಕೂತವರ ಕೆಲಸ.

ಅವರು ಮಾಡಿದ್ದನ್ನು ನಾಗರ ಪಂಚಮಿಯ ಜೋಕಾಲಿ ಜೀಕಿದವರು ಬೇಗ ಹಿಡಿಯುತ್ತಾರೆ. ಜೋಕಾಲಿ ತಗ್ಗಿಗೆ ಬಂದು ರಭಸವಾಗಿ ಹಾಯುವಾಗ ಜೀಕಿದರೆ ಆಚೆ ತುದಿ ಮೇಲಕ್ಕೇರುತ್ತದೆ. ನೌಕೆಯೂ ಭೂಮಿಯ ಸಮೀಪ ಬಂದಾಗ ಅದರ ವೇಗ ಅತಿ ಹೆಚ್ಚು. ಅಲ್ಲಿ ಉರಿಸಿದ ಇಂಧನಕ್ಕೆ ಫಲವೂ ಹೆಚ್ಚು. ಹಾಗೆ ಒಂದೊಂದೇ ಜೀಕು ಹಾಕುತ್ತ, ಜುಲೈ 25ರ ಹೊತ್ತಿಗೆ ದೂರದ ತುದಿಯನ್ನು 1,27,000 ಕಿ.ಮೀ. ದಾಟಿಸಿದರು. ಆಗಸ್ಟ್ 1ರ ಜೀಕಿಗೆ ನೌಕೆ ಚಂದ್ರನತ್ತ ಹೊರಟಿತು. ಆಗಸ್ಟ್ 5ರಂದು ಮಾಡಿದ್ದು ತಿರುಗುಮುರುಗು: ಎಂಜಿನ್ ಉರಿಸಿ ವೇಗ ತಗ್ಗಿಸಿದರು, ಚಂದ್ರನ ಸೆಳೆತ ಅದನ್ನು ಹಿಡಿದುಕೊಂಡಿತು. ತಗ್ಗಿಸದಿದ್ದರೆ ನೌಕೆ ಹಾದುಹೋಗುತ್ತಿತ್ತು. ಇದನ್ನು ಬಡವರ ಸುತ್ತುದಾರಿ ಎನ್ನುವುದು ಅನ್ಯಾಯ. ಗುರುತ್ವವನ್ನು ಇಷ್ಟು ನಾಜೂಕಾಗಿ ದುಡಿಸಿಕೊಂಡದ್ದೇ ಇಲ್ಲಿನ ವಿದ್ಯೆ.

ಇದನ್ನು ಮಕ್ಕಳಿಗೆ ತೋರಿಸಲು ಪ್ರಯೋಗಾಲಯ ಬೇಡ. ಹಳೆಯ ಪ್ಲಾಸ್ಟಿಕ್ ಬಾಟಲಿಯ ತಳದ ಬಳಿ ಒಂದು ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದರೆ ನೀರು ಚಿಮ್ಮುತ್ತದೆ. ಹಾಗೇ ಅದನ್ನು ಮಾಳಿಗೆಯಿಂದ ಕೈಬಿಡಬೇಕು. ಕೆಳಗೆ ಬರುವಷ್ಟು ಹೊತ್ತೂ ತೂತಿನಿಂದ ಧಾರೆ ನಿಂತಿರುತ್ತದೆ, ಏಕೆಂದರೆ ನೀರೂ ಬಾಟಲಿಯೂ ಜೊತೆಯಾಗಿ ಬೀಳುತ್ತಿರುತ್ತವೆ. ಶುಭಾಂಶು ತೇಲುವ ವಿಡಿಯೊ ತೋರಿಸುವ ಮೇಷ್ಟ್ರು ಮೊದಲು ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ, ಈ ಬಾಟಲಿಯನ್ನು ಎರಡು ಮೂರು ಸಲ ಬೀಳಿಸಿ ತೋರಿಸಲಿ.